ಬಂಡೆಯ ಮೇಲಿನ ಏಳು

ದೆವ್ವ, ಗಾಳಿ ಎಂದು ಹೇಳಿಕೊಂಡು ಬಂದವರನ್ನು ನಾನು ನಕ್ಕು ಕಳಿಸುತ್ತಿದ್ದೆ. ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್ ಆಗಿ ಮೂವತ್ತು ವರ್ಷ ಒಂಟಿಯಾಗಿ ಓಡಾಡಿದವನು ನಾನು. ಬೆಳಿಗ್ಗೆ ಐದಕ್ಕೆ ಬೀಟಿನ ಸುತ್ತು, ಸಂಜೆ ಆರಕ್ಕೆ ಡೈರಿ. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ನನ್ನ ನಂಬಿಕೆ ಇಷ್ಟೇ ಆಗಿತ್ತು. ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಕಡೆ ಇದ್ದೆ. ಅಲ್ಲಿನ ಹುಲ್ಲುಗಾವಲನ್ನು ಜನ ಕಾವಲು ಎನ್ನುತ್ತಾರೆ. ಆ ಕಾವಲಿನಲ್ಲಿ ಒಂದು ಜೊತೆ ತೋಳ ಉಳಿದಿತ್ತು. ಅವುಗಳ ಗವಿ ಎಲ್ಲಿದೆ ಎಂಬುದು ಕುರಿ ಕಾಯುವ ಕೆಂಚಪ್ಪನಿಗೆ ಮಾತ್ರ ಗೊತ್ತಿತ್ತು. ಅವನು ತೋಳದ ಹೆಸರು ಹೇಳುತ್ತಿರಲಿಲ್ಲ, ‘ಕಾವಲಿನೋನು’ ಎನ್ನುತ್ತಿದ್ದ. ವರ್ಷಕ್ಕೆ ಒಂದೆರಡು ಕುರಿ ಹೋದರೆ, “ಅವನ ಪಾಲು ಅವನು ತಗೊಂಡ, ಬಿಡಿ ಸಾಮಿ. ನಿಮ್ಮಂಗೆ ಅವನಿಗೇನು ಸಂಬ್ಳ ಬತ್ತದಾ?” ಎಂದು ಬೀಡಿ ಹಚ್ಚುತ್ತಿದ್ದ.

ನನ್ನ ಮೇಲೆ ನಂಬಿಕೆ ಬಂದ ಮೇಲೆ ಒಂದು ದಿನ ಕರೆದುಕೊಂಡು ಹೋಗಿ ಗವಿ ತೋರಿಸಿದ. ಒಳಗೆ ನಾಲ್ಕು ಮರಿ. “ಯಾರ್ಗೂ ಹೇಳ್ಬ್ಯಾಡಿ” ಎಂದ. ನಾನು ಯಾರಿಗೂ ಹೇಳಲಿಲ್ಲ. ಆದರೆ ಮೇಲಿನವರು ತೋಳಗಳ ಎಣಿಕೆ ಕೇಳಿದ್ದರು, ಮರಕ್ಕೆ, ಗಡಿಕಲ್ಲಿಗೆ ನಂಬರು ಹಾಕುವುದು ನಮ್ಮ ಪದ್ಧತಿ. ಮಾರನೆಯ ದಿನ ಡಬ್ಬಿ, ಬ್ರಷ್ಷು ಒಯ್ದು ಗವಿಯ ಮೇಲಿನ ಬಂಡೆಗೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದೆ. ಆ ತಿಂಗಳಲ್ಲಿ ನಾನು ಹಾಕಿದ ಏಳನೆಯ ಗುರುತು ಅದು. ಅಂಕಿ ನೇರವಾಗಿ ಬಂದಿದೆಯೇ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ್ದೂ ನೆನಪಿದೆ.

ಅದು ಬಂಡಿದಾರಿಗೇ ಕಾಣುತ್ತಿತ್ತು. ವಾರದೊಳಗೆ ಯಾರೋ ಗವಿಯ ಬಾಯಿಗೆ ಮುಳ್ಳು ತುರುಕಿ ಬೆಂಕಿ ಇಟ್ಟರು. ನಾಲ್ಕೂ ಮರಿ ಹೊಗೆಯಲ್ಲಿ ಸತ್ತವು. ತಾಯಿ ಮೂರು ಸಂಜೆ ಆ ಬಂಡೆಯ ಸುತ್ತ ಊಳಿಟ್ಟಿತು. ಆಮೇಲೆ ಕಾವಲಿನಲ್ಲಿ ತೋಳದ ಸದ್ದೇ ಇಲ್ಲ.

ಕೆಂಚಪ್ಪ ಬೈಯಲಿಲ್ಲ. “ನಮ್ಮಪ್ಪ, ನಮ್ಮ ತಾತ ಬಾಯಲ್ಲೂ ಆಡ್ನಿಲ್ಲ ಸಾಮಿ. ನೀವು ಬರದ್ಬುಟ್ರಿ” ಎಂದ, ಅಷ್ಟೇ. ಆಮೇಲೆ ನನ್ನನ್ನು ಕಂಡರೆ ಕುರಿಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದ. ನನಗೆ ಬೇಲೂರು ಕಡೆ ವರ್ಗವಾಯಿತು. ಅವನು ತೀರಿಕೊಂಡ ಸುದ್ದಿ ಅಲ್ಲಿನ ಬಿಕ್ಕೋಡಿನಲ್ಲಿದ್ದಾಗ ಬಂತು. ಮಣ್ಣಿಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ನಿವೃತ್ತಿಗೆ ಮುಂಚಿನ ವರ್ಷ ಮತ್ತೆ ಕಣಕಟ್ಟೆಗೆ ಬಂದೆ. ತೋಳಗಳೂ ಬಂದಿದ್ದವು. ಯಾರೂ ತಂದು ಬಿಟ್ಟಿರಲಿಲ್ಲ, ಎಲ್ಲಿಂದಲೋ ತಾವೇ ಬಂದು ಸೇರಿಕೊಂಡಿದ್ದವು. ಮೇಲಿನವರು ಮತ್ತೆ ಎಣಿಕೆ ಕೇಳಿದರು. ಒಂದು ಮುಂಜಾನೆ ಹೆಜ್ಜೆ ಜಾಡು ಹಿಡಿದು ಹೋದರೆ ಅದೇ ಬಂಡೆ. ಏಳು ಮಾಸಿಹೋಗಿತ್ತು. ಗವಿಯ ಬಾಯಲ್ಲಿ ಎರಡು ಮರಿ ಎಳೆಬಿಸಿಲು ಕಾಯುತ್ತಿದ್ದವು.

ನಾಚಿಕೆಯಿಂದ ಹೇಳುತ್ತೇನೆ, ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಮೂವತ್ತು ವರ್ಷದ ಅಭ್ಯಾಸ. ಡಬ್ಬಿಯ ಮುಚ್ಚಳ ತೆಗೆದು ಬ್ರಷ್ಷು ಅದ್ದಿದೆ.

“ಏನ್ ಸಾಮಿ, ಮತ್ತೆ ಬರೀತೀರಾ?”

ಬೆನ್ನ ಹಿಂದೆ, ಹತ್ತು ಮಾರು ದೂರದಿಂದ. ಬೀಡಿ ಸೇದಿ ಒರಟಾದ ಅದೇ ಗಂಟಲು, ಅದೇ ಕುಹಕ. ತಿರುಗಿದೆ. ಮೊಣಕಾಲೆತ್ತರದ ಹುಲ್ಲು ಬಿಟ್ಟರೆ ಬಟ್ಟಬಯಲು, ಅಡಗಲು ಒಂದು ಪೊದೆಯೂ ಇಲ್ಲ.

ಬ್ರಷ್ಷು ಒರೆಸಿ, ಡಬ್ಬಿ ಮುಚ್ಚಿ ಹಿಂತಿರುಗಿದೆ. ಸಂಜೆ ಆರಕ್ಕೆ ಡೈರಿಯಲ್ಲಿ ‘ಏನೂ ಕಾಣಲಿಲ್ಲ’ ಎಂದು ಬರೆದೆ. ಅಷ್ಟೂ ವರ್ಷದ ಡೈರಿಯಲ್ಲಿ ಅದೊಂದೇ ಸುಳ್ಳು.

“ನಿಮ್ಮ ಮನಸ್ಸೇ ಮಾತಾಡಿದ್ದು ಕಣ್ರೀ” ಎನ್ನುತ್ತಾಳೆ ನನ್ನ ಹೆಂಡತಿ. ಒಪ್ಪಿಬಿಡಬಹುದಿತ್ತು. ಆದರೆ ಆ ದನಿ ಬಂದ ಗಳಿಗೆಯಲ್ಲಿ ನಾನು ಮರಿಗಳನ್ನೇ ನೋಡುತ್ತಿದ್ದೆ. ಎರಡೂ ಒಟ್ಟಿಗೆ ಕಿವಿ ನಿಮಿರಿಸಿ ತಲೆ ಎತ್ತಿದವು. ನನ್ನನ್ನು ನೋಡಲಿಲ್ಲ, ನನ್ನ ಹೆಗಲಾಚೆ ನೋಡಿದವು.