ಹಿಡಿದಿಟ್ಟವಳು ನಾನೇ

ನಮ್ಮ ಪುಟ್ಟೇನಹಳ್ಳಿಯ ಗುರುವಾರದ ಭಜನಾ ಮಂಡಳಿಯಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಇದು: ಅಮ್ಮ ಒಂಬತ್ತು ಶನಿವಾರ ಆಂಜನೇಯಸ್ವಾಮಿಗೆ ವೀಳ್ಯದೆಲೆಯ ಹಾರ ಹಾಕಿಸಿದರು, ಒಂಬತ್ತನೆಯ ಶನಿವಾರ ಪ್ರಸಾದದ ಕುಂಕುಮವನ್ನು ಅಪ್ಪನ ಲ್ಯಾಪ್‌ಟಾಪಿಗೆ ಹಚ್ಚಿದರು, ಅಂದಿನಿಂದ ಅದು ಒಮ್ಮೆಯೂ ನಿಂತಿಲ್ಲ. ಸರೋಜಮ್ಮ ಆಂಟಿ ಇದನ್ನು ಮೈಕಿನಲ್ಲಿ ಹೇಳಿದಾಗ ನಾನೂ ಅಲ್ಲೇ ಕೂತಿದ್ದೆ. ಅದು ನಿಜವಲ್ಲ. ಕುಂಕುಮ ಹಚ್ಚಿದ ದಿನವೇ ಲ್ಯಾಪ್‌ಟಾಪ್ ಎರಡು ಸಲ ನಿಂತಿತ್ತು. ಸರಿಹೋದದ್ದು ಅದರ ಮುಂದಿನ ಮಂಗಳವಾರ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು ನಾನು. ಪುರಾವೆ ಇಲ್ಲದ ಮಾತು ಕೇಳಿಕೊಂಡು ಸುಮ್ಮನಿರಲು ಆಗುವುದಿಲ್ಲ. ಎದ್ದು ಹೇಳಿದೆ.

"ಹಾಗಾದ್ರೆ ನೀನೇ ಬರ್ಕೊಡೇ, ಮಂಡಳಿ ಪುಸ್ತಕದಲ್ಲಿ ಹಾಕ್ತೀವಿ," ಅಂದರು ಆಂಟಿ. "ಆದ್ರೆ ದೇವ್ರನ್ನ ಮಾತ್ರ ತೆಗ್ದುಹಾಕ್ಬೇಡ ತಾಯಿ."

ತೆಗೆದುಹಾಕುವುದಿಲ್ಲ. ಅದಕ್ಕೆಂದೇ ಬರೆಯುತ್ತಿದ್ದೇನೆ.

ಅಪ್ಪ ಯಶವಂತಪುರದ ಒಂದು ಗೋದಾಮಿನ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವರು. ಎರಡು ವರ್ಷಗಳಲ್ಲಿ ಗ್ಲಾಕೋಮಾ ಅವರ ದೃಷ್ಟಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಕೊಂಡಿತು. ಕಚೇರಿಯವರು ಒಳ್ಳೆಯವರು. "ಕಂಪ್ಯೂಟರಲ್ಲಿ ಪತ್ರ ಓದಿ ಉತ್ತರ ಬರೆಯೋದು ಕಲಿತು ಬನ್ನಿ, ದೀಪಾವಳಿ ಆದ್ಮೇಲೆ ಒಂದು ಪರೀಕ್ಷೆ ಮಾಡ್ತೀವಿ, ನಿಮ್ಮ ಕುರ್ಚಿ ನಿಮಗೇ" ಅಂದಿದ್ದರು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿರುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿಕೊಟ್ಟೆ. ಅದರಲ್ಲಿ ಯಂತ್ರವನ್ನು ನಡೆಸುವ ವ್ಯವಸ್ಥೆಯಾಗಿ ಲಿನಕ್ಸ್ ಇತ್ತು. ಬೇರೆ ಯಾವುದೂ ಬೇಡ, ಇದೇ ಇರಲಿ ಎಂದು ಮನೆಯವರೆಲ್ಲರ ಜೊತೆ ವಾದ ಮಾಡಿ ಗೆದ್ದವಳು ನಾನು.

ಆಷಾಢದಲ್ಲಿ ಶುರುವಾಯಿತು. ಹೊತ್ತಿಲ್ಲ, ಗೊತ್ತಿಲ್ಲ, ಯಂತ್ರ ಸ್ತಬ್ಧ. ಕಣ್ಣಿರುವವರಿಗಾದರೆ ಪರದೆ ನಿಂತದ್ದು ತಕ್ಷಣ ಕಾಣುತ್ತದೆ. ಅಪ್ಪನಿಗೆ ದನಿ ನಿಲ್ಲುತ್ತದೆ, ಅಷ್ಟೇ. ಯಂತ್ರ ನಿಂತಿತೋ, ತಾವೇ ದನಿ ಆರಿಸಿದರೋ, ತಪ್ಪು ಕೀಲಿ ಒತ್ತಿದರೋ ಹೇಳುವವರಿಲ್ಲ. ಒಂದು ದಿನ ನಾನು ಕೆಲಸದಿಂದ ಬರುವಾಗ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. "ಊಟ ಆದಾಗಿಂದ ಮಾತೇ ಆಡ್ತಿಲ್ಲ ಪುಟ್ಟಿ, ನಾನೇ ಏನೋ ಮಾಡ್ಬಿಟ್ಟೆ ಅನ್ಸುತ್ತೆ" ಅಂದರು. ಸಂಜೆ ಆರೂವರೆಯಾಗಿತ್ತು.

"ನೀವೇ ಏನೋ ಒತ್ತಿರ್ಬೇಕು ಅಪ್ಪಾ," ಅಂದೆ. ಆ ಮಾತನ್ನು ಎಷ್ಟು ಸಲ ಅಂದೆನೋ. ನನ್ನ ಹತ್ತಿರ ಪುರಾವೆ ಇತ್ತು: ಒಂದು ವರ್ಷ ನಾನು ಬಳಸುವಾಗ ಅದು ನಿಂತದ್ದು ಎರಡೇ ಸಲ. ಅಪ್ಪನ ಕೈಗೆ ಹೋದ ಮೇಲೆ ದಿನಕ್ಕೆರಡು ಸಲ. ಹಾಗಾದರೆ ದೋಷ ಯಾರಲ್ಲಿ? ಯಾವ ತೀರ್ಪುಗಾರನಾದರೂ ನನಗೇ ಅಂಕ ಕೊಡುತ್ತಿದ್ದ.

ಆದರೂ ರಿಪೇರಿಗೆ ಅಲೆದೆ. ಮೆಮೊರಿ ಬದಲಿಸಿದೆ, ಇದ್ದದ್ದನ್ನೆಲ್ಲ ಹಾಗೇ ನಕಲಿಸಿಕೊಂಡು ಡಿಸ್ಕ್ ಬದಲಿಸಿದೆ. ಆರ್.ಟಿ. ನಗರದ ಅಂಗಡಿಯ ಇಮ್ರಾನ್ ಭಾಯ್ ಎರಡು ದಿನ ಇಟ್ಟುಕೊಂಡು ನೋಡಿದರು. "ಮಷಿನ್ ಪಕ್ಕಾ ಇದೆ ಸಿಸ್ಟರ್. ಎರಡು ದಿನ ವಿಡಿಯೋ ಓಡ್ಸಿದೀನಿ, ಒಂದ್ಸಲಾನೂ ನಿಲ್ಲಿಲ್ಲ. ಸುಮ್ನೆ ಅದರ ಮೇಲೆ ಯಾಕೆ ಡೌಟು?" ಮನೆಗೆ ತಂದ ಅರ್ಧ ಗಂಟೆಗೆ ನಿಂತಿತು. ಆಮೇಲೆ ನನಗೆ ಸಿಟ್ಟೂ ಬರಲಿಲ್ಲ. ಬರೀ ಸುಸ್ತು. ಅಮ್ಮ ಶನಿವಾರಗಳನ್ನು ಎಣಿಸುತ್ತಿದ್ದರು, ನಾನು ಸುಮ್ಮನೆ ಬಟನ್ ಒತ್ತಿ ಹಿಡಿದು ಮತ್ತೆ ಮತ್ತೆ ಹೊಸದಾಗಿ ಶುರುಮಾಡಿಕೊಡುತ್ತಿದ್ದೆ.

ಆ ಮಂಗಳವಾರ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಮುಕ್ಕಾಲು ಗಂಟೆ ಅಲುಗಲಿಲ್ಲ. ಅಪ್ಪ ಮೆಲ್ಲಗೆ ಹೇಳಿದರು, "ಮನೆಗೆ ಹೋದ್ಮೇಲೆ ಆಫೀಸಿಗೆ ಒಂದು ಪತ್ರ ಬರೆದ್ಬಿಡು ಪುಟ್ಟಿ. ಪರೀಕ್ಷೆಗೆ ಬರೋಕಾಗಲ್ಲ ಅಂತ. ನನ್ನ ಕೈಗೆ ಇದು ಹತ್ತಲ್ಲ."

ಶಾಲೆ ಬಿಟ್ಟ ಮೇಲೆ ಮೊದಲ ಸಲ ಕಣ್ಣು ಮುಚ್ಚಿ ಬೇಡಿಕೊಂಡೆ. ಸ್ವಾಮಿ, ನೀನಿದ್ದರೆ ಎಂಬ ಷರತ್ತು ಹಾಕದೆ ಕೇಳುತ್ತಿದ್ದೇನೆ. ಯಂತ್ರ ಸರಿಮಾಡು ಅನ್ನುವುದಿಲ್ಲ. ತಪ್ಪು ತಮ್ಮದಲ್ಲ ಎಂದು ಅಪ್ಪನಿಗೆ ತಿಳಿಯುವ ಹಾಗೆ ಮಾಡು, ಸಾಕು.

ಮನೆಗೆ ಬಂದು, ಕಾಫಿ ಕುಡಿದು, ಪತ್ರ ಬರೆಯಲು ಲ್ಯಾಪ್‌ಟಾಪ್ ತೆರೆದೆ. ವಾರಕ್ಕೊಮ್ಮೆ ತಂತ್ರಾಂಶಗಳನ್ನೆಲ್ಲ ನವೀಕರಿಸುವ ಅಭ್ಯಾಸ ನನಗೆ. ಕೈ ತಾನಾಗಿ ಆ ಆದೇಶವನ್ನು ಕೊಟ್ಟಿತು. "ದನಿ ಹಾಕ್ಕೊಂಡು ಮಾಡು, ನಾನೂ ಕೇಳ್ತೀನಿ" ಅಂದರು ಅಪ್ಪ. ಹಾಕಿದೆ. ನಾನು ಕಣ್ಣು ಹಾಯಿಸಿ ದಾಟುತ್ತಿದ್ದ ಸಾಲುಗಳನ್ನೆಲ್ಲ ಅದು ಒಂದೂ ಬಿಡದೆ ಓದತೊಡಗಿತು. ಒಂದು ಕಡೆ ಅಪ್ಪ ಕೈ ಎತ್ತಿದರು.

"ತಡಿ. ಲಿನಕ್ಸ್ ಅಂತ ಏನನ್ನೋ ತಡೆಹಿಡಿದಿದೆ ಅಂತಲ್ವಾ ಹೇಳಿದ್ದು? ಯಾರು ಹಿಡಿದಿರೋದು?"

"ಅದು ಪ್ರತಿ ವಾರ ಬರುತ್ತೆ, ಬಿಡಿ ಅಪ್ಪಾ."

"ಹಾಗಾದ್ರೆ ಪ್ರತಿ ವಾರ ಯಾರೋ ಹಿಡ್ಕೊಂಡೇ ಇದಾರೆ ಅಂತಾಯ್ತು."

ಹಿಡಿದಿಟ್ಟವಳು ನಾನೇ. ಯಂತ್ರಕ್ಕೂ ಅದರೊಳಗಿನ ಎಲ್ಲ ಕೆಲಸಗಳಿಗೂ ನಡುವೆ ನಿಲ್ಲುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಹಿಂದೊಮ್ಮೆ ಹೊಸ ಕರ್ನಲ್ ಹಾಕಿದಾಗ ವೈಫೈ ಕೆಟ್ಟಿತ್ತೆಂದು, ಇನ್ನು ಇದನ್ನು ಬದಲಿಸಬಾರದು ಎಂದು ತಡೆ ಹಾಕಿ ಮರೆತಿದ್ದೆ. ತಡೆ ತೆಗೆದು ಹೊಸದನ್ನು ಹಾಕಿದೆ. ಅದರಲ್ಲಿ ಏನೇನು ತಿದ್ದಿದ್ದಾರೆ ಎಂಬ ಪಟ್ಟಿಯಲ್ಲಿ ಯಾರೋ ಒಂದು ಸಾಲು ಬರೆದಿದ್ದರು: ಕೆಲವು ಯಂತ್ರಗಳ ಪ್ರೊಸೆಸರ್ ಕೆಲಸವಿಲ್ಲದಾಗ ಗಾಢ ನಿದ್ದೆಗೆ ಜಾರಿ ಮತ್ತೆ ಏಳದಿರುವ ದೋಷವನ್ನು ಸರಿಪಡಿಸಿದೆ. ನಾನು ಹಾಡು ಹಾಕಿಕೊಂಡೇ ಕೆಲಸ ಮಾಡುವವಳು. ನನ್ನ ಕೈಯಲ್ಲಿ ಅದಕ್ಕೆ ನಿದ್ದೆಗೆ ಪುರಸೊತ್ತಿರಲಿಲ್ಲ. ಇಮ್ರಾನ್ ಭಾಯ್ ಅಂಗಡಿಯಲ್ಲೂ ಇರಲಿಲ್ಲ. ಅಪ್ಪ ಮಾತ್ರ ಪ್ರತಿ ವಾಕ್ಯಕ್ಕೂ ಮುಂಚೆ ನಿಂತು ಯೋಚಿಸುತ್ತಿದ್ದರು.

ಅದನ್ನು ಓದಿ ಹೇಳಿದೆ. ಅಪ್ಪ ಕೀಲಿಗಳನ್ನು ಬೆರಳಿಂದ ಸವರಿದರು. "ಹಾಗಾದ್ರೆ ನಾನು ಒತ್ತಿದ್ದಕ್ಕಲ್ಲ."

"ಅಲ್ಲ ಅಪ್ಪಾ. ಒತ್ತದೆ ಯೋಚನೆ ಮಾಡ್ತಾ ಕೂತಿದ್ದಕ್ಕೆ."

"ನಿಮ್ಮಮ್ಮ ಇಷ್ಟು ವರ್ಷದಿಂದ ಅದನ್ನೇ ಹೇಳ್ತಿದ್ಲು," ಅಂದು ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕದ್ದು.

ಆ ತಿದ್ದುಪಡಿ ನಾನು ಬೇಡಿಕೊಳ್ಳುವುದಕ್ಕೆ ತಿಂಗಳುಗಳ ಮುಂಚೆಯೇ ಬಂದು ಕೂತಿತ್ತು. ಆದ್ದರಿಂದ ಪ್ರಾರ್ಥನೆಯಿಂದ ಯಂತ್ರ ಸರಿಹೋಯಿತು ಎಂದು ನಾನು ಈಗಲೂ ಹೇಳಲಾರೆ. ಆದರೆ ನಾನು ಕೇಳಿದ್ದು ಅದನ್ನಲ್ಲವಲ್ಲ. ಕೇಳಿದ್ದು ಬಸ್ಸಿಳಿದ ಒಂದೆರಡು ಗಂಟೆಯೊಳಗೆ ಸಿಕ್ಕಿತು. "ಆ ಪ್ರಶ್ನೆ ನಿಮ್ಮಪ್ಪನ ಬಾಯಲ್ಲಿ ಬರ್ಸಿದ್ದು ಯಾರೇ?" ಎಂದು ಅಮ್ಮ ಕೇಳಿದಾಗ ನನ್ನ ಹತ್ತಿರ ಪ್ರತಿವಾದ ಇರಲಿಲ್ಲ. ಇವತ್ತಿಗೂ ಇಲ್ಲ.

ಪರೀಕ್ಷೆಯಲ್ಲಿ ಅಪ್ಪ ಮೂರು ಪತ್ರ ಓದಿ ಮೂರಕ್ಕೂ ಉತ್ತರ ಬರೆದರು. ಮಧ್ಯೆ ಮಧ್ಯೆ ನಿಂತು, ಬೇಕಾದಷ್ಟು ಹೊತ್ತು ಯೋಚಿಸಿ. ಈಗ ಮತ್ತೆ ಯಶವಂತಪುರದ ಬಸ್ಸು ಹತ್ತುತ್ತಿದ್ದಾರೆ. ಆ ಸಾಲು ಬರೆದ, ಮುಖ ಕಾಣದ ಆ ವ್ಯಕ್ತಿಗೂ, ಕೇಳಿದ್ದನ್ನು ಕೊಟ್ಟ ಸ್ವಾಮಿಗೂ ಕೈ ಮುಗಿಯುತ್ತೇನೆ. ಗುರುವಾರ ಮಂಡಳಿಗೆ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಈ ಪುಟವನ್ನೂ ಅಪ್ಪನಿಗೆ ಆ ದನಿಯೇ ಓದಿ ಹೇಳುತ್ತದೆ. ಎದುರು ನಿಂತು ಕೇಳಲಾಗದ್ದನ್ನು ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಪ್ಪಾ, ಅಷ್ಟು ತಿಂಗಳು ನಾನು "ನೀವೇ ಏನೋ ಒತ್ತಿರ್ಬೇಕು" ಅಂದಾಗ, ಒಂದು ಸಲವಾದರೂ ನನ್ನ ಜೊತೆ ಯಾಕೆ ವಾದ ಮಾಡಲಿಲ್ಲ?