ಹೊಸ ನೀರಿಗೆ ಕುಣಿದ ಮೀನುಗಳು

ಗೆಳೆಯರೇ, ನನ್ನ ಹಿತ್ತಲಿನ ಹದಿನಾಲ್ಕೂ ಮೀನು ಇವತ್ತು ಸತ್ತವು.

ತೊಟ್ಟಿಯಲ್ಲಿ ಮೀನು ಸಾಕಿ, ಅದೇ ನೀರನ್ನು ಪಂಪಿನಿಂದ ಮೇಲಿಟ್ಟ ಜಲ್ಲಿಕಲ್ಲಿನ ಟ್ರೇಗೆ ಹರಿಸಿ ಪುದೀನ ಬೆಳೆಯುವುದು ನನ್ನ ಹೊಸ ಹುಚ್ಚು. ಮೊಬೈಲ್ ನೋಡಿ ಕಲಿತದ್ದು. ನಳದ ನೀರಿನಲ್ಲಿ ಬ್ಲೀಚಿಂಗ್ ಪೌಡರ್ ಇರುತ್ತದೆ, ಅದು ಮೀನಿಗೆ ವಿಷ, ಎರಡು ದಿನ ತೆರೆದಿಟ್ಟು ಆಮೇಲೆ ಮೀನಿಗೆ ಹಾಕಬೇಕು ಎಂಬುದು ನನಗೆ ಗೊತ್ತಿತ್ತು. ಅವ್ವನಿಗೆ ಹೇಳಿರಲಿಲ್ಲ.

ಆರು ದಿನದ ಮೇಲೆ ಇವತ್ತು ಸುರಪುರದ ನಮ್ಮ ಓಣಿಗೆ ನೀರು ಬಿಟ್ಟಿದ್ದರು. ನಾನು ಕೆಲಸದಿಂದ ಬಂದಾಗ ತೊಟ್ಟಿ ತುಂಬಿ ತುಳುಕುತ್ತಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಯವ್ವಾ, ಏನ್ ಮಾಡ್ದಿ?" ಎಂದು ಚೀರಿದೆ.

"ನೀರು ಅರ್ಧಕ್ಕ ಇಳದಿತ್ತಪ. ನಳ ಬಂದ ಕೂಡ್ಲೆ ಪೈಪ್ ಹಚ್ಚಿ ತುಂಬಿಸಿನಿ."

ಅಪ್ಪ ಬದುಕಿರುವವರೆಗೂ ಕೃಷ್ಣೆಯಲ್ಲಿ ಬಲೆ ಬೀಸಿದವನು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೊಳಿಗಿ ಹೊಸ ನೀರು ಬಂದ್ರ ಮೀನು ಕುಣಿತಾವ ಅಂತಿದ್ದ ನಿಮ್ಮಪ್ಪ. ಇವೂ ಕುಣ್ಯಾಕತ್ತಿದ್ವು. ನಾ ಖುಷಿಲಿಂದ ನೋಡ್ಕೋತ ನಿಂತಿದ್ದೆ."

ನೀರು ಕುಡಿಯಲು ಒಳಗೆ ಹೋದೆ. ಅಡುಗೆಮನೆಯ ಕೊಡಗಳೆಲ್ಲ ಖಾಲಿ. ಮೀನಿಗೆ ತುಂಬಿಸುವಷ್ಟರಲ್ಲಿ ನಳ ನಿಂತಿತ್ತು.

ಪುದೀನ ಮಾತ್ರ ಚೆನ್ನಾಗಿ ಬಂದಿದೆ. ಬೇಕಾದವರು ಬಂದು ಕೊಯ್ದುಕೊಂಡು ಹೋಗಿ. ಬರುವಾಗ ಒಂದು ಕೊಡ ನೀರು ತನ್ನಿ.