ವಾಪಸ್ ಬಂದ ತೊಡಕಿನ ಸಾರು

ವಿದೇಶದಲ್ಲಿ ಓದಿ ಬಂದವರ ಮಾತಿನಲ್ಲಿ ಒಂದು ವಾಕ್ಯ ಖಂಡಿತ ಬರುತ್ತದೆ: "ಅಲ್ಲಿಗೆ ಹೋದ್ಮೇಲೆ ನನ್ನ ಕಣ್ಣು ತೆರೀತು." ಇದನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಹೊಟ್ಟೆಯುರಿ. ನಾನು ಓದಿದ್ದು ದೊಮ್ಮಲೂರಿನಿಂದ ಸಿಟಿ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಕಾಲೇಜಿನಲ್ಲಿ. ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನ ಕಣ್ಣು ತೆರೆಯುವುದಿರಲಿ, ಮುಚ್ಚಿಯೇ ಇರುತ್ತಿತ್ತು. ವಿದೇಶಕ್ಕೆ ಹೋಗುವ ಯೋಗ ನನಗೆ ಬರಲಿಲ್ಲ. ಆದರೆ ವಿದೇಶದಲ್ಲಿ ಓದುತ್ತಿದ್ದ ಒಬ್ಬಳು ನಮ್ಮ ಮಹಡಿಯ ಮೇಲೆಯೇ ಬಾಡಿಗೆಗೆ ಬಂದಳು. ಅವಳ ಪಾಲಿನ ವಿದೇಶ ಅಂದರೆ ನಾವು. ನಾನೂ ಯಾರಿಗಾದರೂ ವಿದೇಶವಾಗಬಹುದು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ನಮ್ಮದು ದೊಮ್ಮಲೂರಿನ ಹಳೇ ಊರೊಳಗಿನ ಮನೆ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ರಸ್ತೆಯೂ ಆಫೀಸುಗಳೂ ಎದ್ದಮೇಲೆ ಅಮ್ಮ ಬೆಳೆ ಬದಲಾಯಿಸಿ ಬಾಡಿಗೆ ಬೆಳೆಯತೊಡಗಿದಳು. ಅಪ್ಪ ತೀರಿಕೊಂಡಿದ್ದರಿಂದ ಎಲ್ಲಕ್ಕೂ ಅವಳದೇ ಯಜಮಾನಿಕೆ. ಬಾಡಿಗೆದಾರರನ್ನು ಆರಿಸುವಾಗ ಬಿತ್ತನೆ ಬೀಜ ಆರಿಸುವ ಎಚ್ಚರ. ಇಥಿಯೋಪಿಯಾದಿಂದ ಎಂ.ಎಸ್ಸಿ. ಓದಲು ಬಂದ ಹಿರುತ್ ಎಂಬ ಹುಡುಗಿ ಮನೆ ಕೇಳಿಕೊಂಡು ಬಂದಾಗ, ಪಕ್ಕದ ಮನೆಯಲ್ಲಿದ್ದ ಅಮ್ಮನ ತಮ್ಮ, ಅಂದರೆ ನನ್ನ ಮಾವ, ಕಿವಿಯಲ್ಲಿ ಹೇಳಿದ: "ಅಕ್ಕಾ, ಆ ಕಡೆಯೋರು ಏನನ್ನೂ ಬಿಡಲ್ವಂತೆ. ಎಲ್ಲಾ ತಿಂತಾರಂತೆ."

"ತಿನ್ಲಿ ಬಿಡೋ. ಸೊಪ್ಪು ತಿನ್ನೋರಿಗೆ ಮನೆ ಕೊಟ್ಟು, ಅವ್ರು ನಮ್ಮ ಬಾಡಿನ ವಾಸನೆಗೆ ಮೂಗು ಮುಚ್ಕೊಳೋದಕ್ಕಿಂತ ಇದೇ ವಾಸಿ" ಎಂದಳು ಅಮ್ಮ.

ಹೀಗೆ ಆ ಹುಡುಗಿಗೆ ಮನೆ ಸಿಕ್ಕಿದ್ದು ಅಮ್ಮನ ವಿಶಾಲ ಮನಸ್ಸಿನಿಂದಲ್ಲ, ಒಂದು ಪೂರ್ವಗ್ರಹದ ದಯೆಯಿಂದ. ಪೂರ್ವಗ್ರಹಗಳನ್ನು ಸುಮ್ಮನೆ ಬೈಯಬಾರದು, ಅವೂ ಒಮ್ಮೊಮ್ಮೆ ಬಾಗಿಲು ತೆರೆಯುತ್ತವೆ.

ಹಿರುತ್ ಕೂಡ ಬರಿಗೈಯಲ್ಲಿ ಬಂದವಳಲ್ಲ. ಅವಳೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ನಮ್ಮ ದೇಶದ ಮೇಷ್ಟರುಗಳು. ಹಾಗಾಗಿ ಭಾರತವೆಂದರೆ ಸೀಮೆಸುಣ್ಣ ಹಿಡಿದು ಗದರುವ, ಮಾರ್ಕ್ಸ್ ಕೊಡಲು ಕೈಬಾರದ ಜನರ ದೇಶವೆಂದು ಅವಳು ತಿಳಿದಿದ್ದಳು. ಆ ಮೇಷ್ಟರಲ್ಲೊಬ್ಬರು ಇನ್ನೊಂದು ಪಾಠವನ್ನೂ ಮಾಡಿದ್ದರು: ಭಾರತೀಯರು ಮಾಂಸ ಮುಟ್ಟುವುದಿಲ್ಲ. ಇದನ್ನವಳು ಸಮೀಕರಣದಂತೆ ಬಾಯಿಪಾಠ ಮಾಡಿಕೊಂಡಿದ್ದಳು.

ಬಂದ ಕೆಲವು ದಿನಕ್ಕೇ ಮಹಡಿಯಿಂದ ಹೊಗೆ ಎದ್ದಿತು. ಮಾವ ಮಾಟ ಎಂದ. ನಾನು ಹೋಗಿ ನೋಡಿದರೆ ಹುಡುಗಿ ಹಸಿ ಕಾಫಿ ಬೀಜವನ್ನು ಬಾಣಲೆಯಲ್ಲಿ ಹುರಿಯುತ್ತಿದ್ದಳು, ಪಕ್ಕದಲ್ಲಿ ಸಾಂಬ್ರಾಣಿ. ಶಿವಾಜಿನಗರವನ್ನೆಲ್ಲ ಸುತ್ತಿ ಎರಡನ್ನೂ ತಂದಿದ್ದಳು. ಕಾಫಿ ನಮ್ಮದು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವಳು ನಕ್ಕು, ಕಾಫಿ ಗಿಡ ಹುಟ್ಟಿದ್ದೇ ತಮ್ಮ ಕಾಡಿನಲ್ಲಿ ಎಂದಳು. ಅಲ್ಲಿಂದ ಅದು ಅರಬರ ನಾಡಿಗೆ ಹೋಗಿ, ಅಲ್ಲಿಂದ ಒಬ್ಬ ಫಕೀರನ ಜೊತೆ ಚಿಕ್ಕಮಗಳೂರಿನ ಗುಡ್ಡ ಹತ್ತಿದ್ದು ನಮಗೂ ಗೊತ್ತಿರುವ ಕಥೆ. ಆದರೆ ಕಥೆಯನ್ನು ನಾವು ಗುಡ್ಡದಿಂದ ಶುರುಮಾಡುತ್ತೇವೆ, ಅವಳು ಕಾಡಿನಿಂದ. ನಾನು ಕೆಳಗೆ ಬಂದು ಫಿಲ್ಟರನ್ನು ಹೊಸ ಅನುಮಾನದಿಂದ ನೋಡಿದೆ.

ಅಷ್ಟರಲ್ಲಿ ಯುಗಾದಿ ಬಂತು. ಬೇವು ಬೆಲ್ಲ ಬರೀ ಪೀಠಿಕೆ. ನಮ್ಮ ಕಡೆಯವರಿಗೆ ವರ್ಷ ನಿಜವಾಗಿ ಶುರುವಾಗುವುದು ಮಾರನೇ ದಿನದ ಹೊಸತೊಡಕಿನಲ್ಲಿ, ಮಟನ್ ಸಾರಿನ ಜೊತೆ. ಆ ದಿನ ಏನು ನಡೆಯುತ್ತದೋ ಅದೇ ವರ್ಷವಿಡೀ ತೊಡರಿಕೊಳ್ಳುತ್ತದೆಂಬ ನಂಬಿಕೆ. ಅದಕ್ಕೇ ಅಂದು ಯಾರೂ ಯಾರನ್ನೂ ಬೈಯುವುದಿಲ್ಲ, ಓದದ ಮಕ್ಕಳು ಕೂಡ ಪುಸ್ತಕ ಹಿಡಿದು ನಟಿಸುತ್ತಾರೆ. ಅಮ್ಮ ಪಾತ್ರೆಯ ತುಂಬ ಸಾರು, ಅದರಲ್ಲೂ ಮಜ್ಜೆ ತುಂಬಿದ ನಲ್ಲಿ ಮೂಳೆ ಆರಿಸಿ ಹಾಕಿ, ತಾನೇ ಮೇಲಕ್ಕೆ ಒಯ್ದು ಕೊಟ್ಟುಬಂದಳು. ಸ್ವಲ್ಪ ಹೊತ್ತಿಗೆ ಹಿರುತ್ ಕೆಳಗಿಳಿದು, "ಸಾರಿ ಆಂಟಿ" ಎಂದು ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ಕಾಲೇಜಿಗೆ ಓಡಿದಳು. ಮುಚ್ಚಳ ತೆಗೆದರೆ ಸಾರು ಕೊಟ್ಟಷ್ಟೂ ಹಾಗೇ ಇತ್ತು.

"ತೊಡಕಿನ ದಿನ ಬಾಡನ್ನ ವಾಪಸ್ ಕಳಿಸಿದ್ಲಾ?" ಮಾವ ಪಂಚಾಯಿತಿಗೆ ಕೂತ. "ಇನ್ನು ವರ್ಷ ಪೂರ್ತಿ ಈ ಮನೆಗೆ ಬಂದಿದ್ದೆಲ್ಲ ಹಿಂಗೇ ವಾಪಸ್ ಹೋಗ್ತದೆ. ಖಾಲಿ ಮಾಡ್ಸಕ್ಕಾ."

ಅಮ್ಮನಿಗೆ ಶಕುನಕ್ಕಿಂತ ಅವಮಾನ ದೊಡ್ಡದಾಗಿತ್ತು. "ಎಲ್ಲಾ ತಿನ್ನೋಳಿಗೆ ನನ್ನ ಕೈ ಅಡಿಗೆ ಮಾತ್ರ ಬೇಡ್ವಾ?" ಎಂದವಳು ನನ್ನ ಕಡೆ ತಿರುಗಿದಳು. "ಇಂಗ್ಲಿಷಲ್ಲಿ ಹೇಳ್ಬಿಡೇ. ಈ ತಿಂಗಳೇ ಕೊನೆ."

ಸಂಜೆ ನಾನು ಮೇಲೆ ಹೋದೆ. ನಾನು ಬಾಯಿ ಬಿಡುವ ಮೊದಲೇ ಹಿರುತ್ ತನ್ನ ದುಃಖ ಹೇಳಿಕೊಂಡಳು. ಅವರ ಚರ್ಚಿನವರಿಗೆ ಈಸ್ಟರ್‌ಗೆ ಮುಂಚೆ ಎರಡು ತಿಂಗಳ ಹತ್ತಿರ ಉಪವಾಸ. ಮಾಂಸ, ಮೊಟ್ಟೆ, ಹಾಲು, ತುಪ್ಪ, ಯಾವುದೂ ಇಲ್ಲ. ಆ ದಿನಗಳಲ್ಲಿ ಆಸೆಯಾಗದಿರಲಿ ಎಂದೇ ಅವಳು ಹುಡುಕಿ ಹುಡುಕಿ ಒಂದು ಹಿಂದೂ ಮನೆ ಹಿಡಿದಿದ್ದಳು! ಬೆಳಗಿನಿಂದ ಕೆಳಗಿನ ಒಗ್ಗರಣೆಯ ವಾಸನೆಗೆ ಕಿಟಕಿ ಮುಚ್ಚಿ ಕೂತಿದ್ದಳಂತೆ. ಆಮೇಲೆ ಸಾರೇ ಮೆಟ್ಟಿಲು ಹತ್ತಿ ಬಂತು.

ಅಂದರೆ ಮಾಂಸ ತಿನ್ನದ ದೇಶದಿಂದ ಮಾಂಸ ಹೊರಟು, ಎಲ್ಲವನ್ನೂ ತಿನ್ನುವ ದೇಶವನ್ನು ತಲುಪಿ, ಅಲ್ಲಿ ಬೇಡವಾಗಿ ಹಿಂತಿರುಗಿತ್ತು. ಮೇಷ್ಟರ ಪಾಠ, ಮಾವನ ಪಾಠ ಎರಡೂ ಒಂದೇ ಪಾತ್ರೆಯಲ್ಲಿ ಮುಳುಗಿದ್ದವು.

ಕೆಳಗೆ ಬಂದು ಹೇಳಿದೆ. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಹಾಲೂ ಇಲ್ವಾ?" ಎಂದಳು. "ಅಯ್ಯಪ್ಪನ ಮಾಲೆ ಹಾಕ್ದೋರೂ ಹಾಲು ಕುಡೀತಾರಲ್ಲೇ!" ಆಮೇಲೆ ಕೋಪ ಇಳಿದು ಚಿಂತೆ ಏರಿತು. ವ್ರತದಲ್ಲಿದ್ದವಳ ಬಾಗಿಲಿಗೆ ಬಾಡು ಇಟ್ಟ ಪಾಪ ಈಗ ತನ್ನ ತಲೆಗೆ. ಆದರೂ ಖಾಲಿ ಮಾಡಿಸುವ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ. ಅವಳ ಪ್ರಕಾರ ಮಾತೂ ತೊಡಕಿನ ದಿನದ್ದೇ, ಅದೂ ತೊಡರಿಕೊಂಡಿತ್ತು.

ಬಿಡಿಸಲು ಹೊರಟವಳು ಹಿರುತ್. ತೊಡಕಿನ ನಂಬಿಕೆಯನ್ನೂ ಅಮ್ಮನ ಮಾತನ್ನೂ ನನ್ನಿಂದ ಕೇಳಿ ತಿಳಿದು, ತನ್ನ ಉಪವಾಸ ಮುಗಿಯುವ ದಿನ ಇನ್ನೊಂದು ತೊಡಕು ಮಾಡಬಹುದೇ ಎಂದು ಹೇಳಿಕಳಿಸಿದಳು. ಪಂಚಾಂಗದಲ್ಲಿ ಹಾಗೆಲ್ಲ ಇಲ್ಲ ಎಂದ ಮಾವ. ಆದರೆ ಆ ಭಾನುವಾರ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತಿದವನು ಅವನೇ.

ಮೇಲೆ ಒಂದೇ ದೊಡ್ಡ ತಟ್ಟೆ. ಅದರ ತುಂಬ ರಾಗಿಹಿಟ್ಟಿನ ಹುಳಿ ದೋಸೆ ಹಾಸಿ, ಮೇಲೆ ಕೆಂಪಗಿನ ಕೋಳಿ ಸಾರು, ಮೊಟ್ಟೆ. ಎಲ್ಲರೂ ಅದೇ ತಟ್ಟೆಗೆ ಕೈ ಹಾಕಬೇಕು. ಇಲ್ಲಿ ಎಂಜಲಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಂಜಲು ಕೊಳೆಯಲ್ಲ, ಅದೊಂದು ಗಡಿ. ಅಮ್ಮ ಸ್ವಂತ ಮಗಳ ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವವಳು. ಅವಳ ಮುಂದೆ ಹಿರುತ್ ಒಂದು ತುತ್ತು ಸುತ್ತಿ, ಕೈ ಚಾಚಿ, ನೇರ ಅವಳ ಬಾಯಿಗೇ ಹಿಡಿದಳು. ಅವರಲ್ಲಿ ದೊಡ್ಡವರಿಗೆ ಮರ್ಯಾದೆ ತೋರಿಸುವುದು ಹಾಗೆ. ನಮ್ಮಲ್ಲಿ ತುತ್ತು ಇಡುವವಳು ತಾಯಿ, ಬಾಯಿ ತೆರೆಯುವುದು ಮಗು. ತಿರುಗುಮುರುಗಾದ ಆ ತುತ್ತು ಗಾಳಿಯಲ್ಲಿ ನಿಂತಿತ್ತು. ಬೇಡವೆಂದರೆ ಮತ್ತೊಂದು ಊಟ ವಾಪಸ್ಸು, ಹುಡುಗಿಯೂ ಅದರ ಹಿಂದೆ.

ಮುಂದಿನದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದಲೇ ಖಾತ್ರಿಯಿಲ್ಲ. ನನ್ನ ನೆನಪಿನಲ್ಲಿ ಅಮ್ಮ ಬಾಯಿ ತೆರೆಯುತ್ತಾಳೆ, ಕಣ್ಣಲ್ಲಿ ನೀರು ಬರುತ್ತದೆ. ಇಷ್ಟು ಅಚ್ಚುಕಟ್ಟಾದ ನೆನಪನ್ನು ಯಾರು ಹೊಲಿದುಕೊಟ್ಟರೋ ಎಂದು ನನಗೇ ಗುಮಾನಿ. ಮಾವನ ಪ್ರಕಾರ ಅವಳು ತುತ್ತನ್ನು ಅಂಗೈಯಲ್ಲಿ ಇಸಿದುಕೊಂಡು, ನೀರು ಕುಡಿಯುವಂತೆ ಮೇಲಿಂದ ಬಾಯಿಗೆ ಎಸೆದುಕೊಂಡಳು. ಅಮ್ಮನನ್ನೇ ಕೇಳಿದರೆ, "ಖಾರ ಜಾಸ್ತಿ ಇತ್ತು ಕಣೇ. ಕಣ್ಣೀರು ಬಂದಿದ್ದು ಅದಕ್ಕೆ." ಮೂವರೂ ಒಪ್ಪುವುದು ಒಂದನ್ನು ಮಾತ್ರ. ಆಮೇಲೆ ಅಮ್ಮ ತಾನೇ ಒಂದು ತುತ್ತು ಕಟ್ಟಿ, ಮುದ್ದೆ ಕಟ್ಟುವ ಗಾತ್ರದಲ್ಲಿ, ಹಿರುತ್ ಮುಖದ ಹತ್ತಿರ ಹಿಡಿದು ಗದರಿದಳು: "ಅಗಲಕ್ಕೆ ಬಾಯಿ ತೆಗಿಯೇ. ನೋಡು, ಎಷ್ಟು ಸೊರಗಿದ್ದೀಯ!"

ಖಾಲಿ ಮಾಡುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಹಿರುತ್ ಓದು ಮುಗಿಸಿ ಹೋದಳು. ಈಗ ಅವಳೂ ಅಲ್ಲೊಂದು ಕಾಲೇಜಿನಲ್ಲಿ ಮೇಷ್ಟರು. ಭಾರತೀಯರೆಲ್ಲ ಗದರುವವರು ಎಂಬ ಹಳೇ ಅಭಿಪ್ರಾಯವನ್ನು ಮಾತ್ರ ಬಿಟ್ಟಿಲ್ಲವಂತೆ. ಗದರುತ್ತಾ ಬಡಿಸುತ್ತಾರೆ ಎಂದು ತಿದ್ದಿಕೊಂಡಿದ್ದಾಳೆ, ಅಷ್ಟೇ. ಪೂರ್ವಗ್ರಹ ನಮ್ಮೊಳಗಿನ ಮನೆಯನ್ನು ಪೂರ್ತಿ ಖಾಲಿ ಮಾಡಿ ಹೋದದ್ದನ್ನು ನಾನು ಕಂಡಿಲ್ಲ. ಬಹಳವೆಂದರೆ ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಸಾಮಾನು ಸಾಗಿಸುತ್ತದೆ. ಅಮ್ಮನೂ ಕೆಲವು ವರ್ಷ ಹಿರುತ್ ದೇಶದವರಿಗಲ್ಲದೆ ಬೇರೆಯವರಿಗೆ ಮನೆ ಕೊಡಲಿಲ್ಲ. "ನಮ್ಮೋರಿಗಿಂತ ಅವ್ರೇ ನೇಮಸ್ಥರು" ಎನ್ನುತ್ತಿದ್ದಳು.

ಆಮೇಲೆ ಧಾರವಾಡದ ಕಡೆಯ ಒಂದು ಕುಟುಂಬ ಬಂತು. ಗಂಡನಿಗೆ ಹತ್ತಿರದಲ್ಲೇ ಆಫೀಸು. ಹೊಸತೊಡಕಿನ ದಿನ ಅಮ್ಮ ಪಾತ್ರೆ ಹಿಡಿದು ಹೊರಟಳು, ನಾನು ಹಿಂದೆ. ಈ ಸಲ ಬಾಗಿಲಲ್ಲೇ ಕೇಳಿದಳು, ಪಾಠ ಮರೆತಿರಲಿಲ್ಲ: "ಇವತ್ತು ತಿನ್ಬೋದಾಮ್ಮಾ?"

"ಇಲ್ರೀ ಅಮ್ಮಾರ, ನಾವು ತಿನ್ನಂಗಿಲ್ರೀ."

"ಯಾವಾಗ ಮುಗಿಯುತ್ತೆ?"

"ಏನ್ ಮುಗೀತದ್ರೀ?"

"ಉಪವಾಸ."

ಆಕೆ ನಗು ತಡೆದುಕೊಂಡು ಹೇಳಿದರು: "ಉಪವಾಸ ಅಲ್ರೀ. ನಮ್ ಮನ್ಯಾಗ ಯಾರೂ ತಿನ್ನಂಗಿಲ್ಲ. ಹುಟ್ಟಿದಾಗಿಂದ."

ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಮರುಕದಿಂದ ನೋಡಿದಳು. ಪಾತ್ರೆ ಹಿಡಿದೇ ಕೆಳಗಿಳಿದು ಬಂದಳು. ತೊಡಕಿನ ಸಾರು ಮತ್ತೆ ವಾಪಸ್! ನಾನು ಗಾಬರಿಯಿಂದ ಮಾವನ ಮನೆ ಕಡೆ ನೋಡಿದೆ. ಅಮ್ಮ ಮಾತ್ರ ಹೊಸ ಪಾತ್ರೆ ತೊಳೆದು, ಅದರ ತುಂಬ ಬಿಸಿ ಮಸ್ಸೊಪ್ಪು ಹಾಕಿ ನನ್ನ ಕೈಗಿಟ್ಟಳು.

"ಕೊಟ್ಟು ಬಾ. ಪಾಪ, ಇವರದು ಸ್ವಲ್ಪ ಉದ್ದದ ಉಪವಾಸ."